ವಾಲೈ ಓಪನರ್‌ಗೆ ಮೊದಲ ಸಲ ಹೊರಟವರಿಗೆ: ಮಿನೆಸೋಟಾದ ಮೇ ತಿಂಗಳ ಮೀನುಬೇಟೆ

ಏಪ್ರಿಲ್ ಬಂತೆಂದರೆ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿರುವ ನಮ್ಮವರು ನನ್ನನ್ನು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ. ‘ಆಫೀಸಿನ ಗೆಳೆಯರು ಓಪನರ್‌ಗೆ ಕರೆದಿದ್ದಾರೆ, ಏನೇನು ಕೊಳ್ಳಬೇಕು?’ ‘ನಾವೇ ನಾಲ್ಕು ಜನ ಹೋಗೋಣ ಎಂದಿದ್ದೇವೆ, ದೋಣಿ ಎಲ್ಲಿ ಸಿಗುತ್ತದೆ?’ ‘ಹೋದ ವರ್ಷ ಎರಡು ದಿನ ಗಾಳ ಹಿಡಿದು ಕುಳಿತೆವು, ಒಂದು ಮೀನೂ ಕಚ್ಚಲಿಲ್ಲ. ತಪ್ಪಿದ್ದೆಲ್ಲಿ?’ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದು ಹೆಚ್ಚಾಗಿ ಜೀವಕ್ಕೆ ಸಂಬಂಧಿಸಿದ್ದೇ ಆಗಿರುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಮೊದಲು ಎರಡು ಪದ. ಓಪನರ್ ಎಂದರೆ ವಾಲೈ ಬೇಟೆಯ ಕಾಲ ತೆರೆಯುವ ದಿನ. ಫೆಬ್ರವರಿ ಕೊನೆಗೆ ಮುಚ್ಚಿದ ಬೇಟೆ, ಮೀನು ಮೊಟ್ಟೆಯಿಟ್ಟು ಮುಗಿಸಿದ ಮೇಲೆ ಮೇ ತಿಂಗಳಲ್ಲಿ ಮತ್ತೆ ಶುರುವಾಗುತ್ತದೆ. ದಿನವನ್ನು ಲೆಕ್ಕ ಹಾಕುವುದು ಸುಲಭ: ಮೆಮೋರಿಯಲ್ ಡೇ (ಮೇ ತಿಂಗಳ ಕೊನೆಯ ಸೋಮವಾರದ ರಜೆ) ವಾರಾಂತ್ಯದ ಶನಿವಾರಕ್ಕೆ ಸರಿಯಾಗಿ ಎರಡು ವಾರ ಮೊದಲಿನ ಶನಿವಾರ. 2024ರಲ್ಲಿ ಮೇ 11, 2025ರಲ್ಲಿ ಮೇ 10. ಶುಕ್ರವಾರದ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಬೇಟೆ ಆರಂಭ. 1948ರಿಂದಲೂ ರಾಜ್ಯದ ಗವರ್ನರ್ ಈ ವಾರಾಂತ್ಯಕ್ಕೆ ಯಾವುದಾದರೊಂದು ಸರೋವರದ ಊರಿಗೆ ಹೋಗುವ ಪದ್ಧತಿ ಇದೆ. ಇಲ್ಲಿನವರಿಗೆ ಇದು ಹಬ್ಬ.

ವಾಲೈ ಎಂಬುದು ಸಿಹಿನೀರಿನ ಮೀನು. ಹೊಂಬಣ್ಣ ಬೆರೆತ ಆಲಿವ್ ಹಸಿರಿನ ಮೈ, ಬಿಳಿ ಹೊಟ್ಟೆ, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಮಚ್ಚೆ. 1965ರಿಂದ ಇದೇ ಮಿನೆಸೋಟಾದ ರಾಜ್ಯ ಮೀನು. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ‘ಒಗಾ’ ಎನ್ನುತ್ತಾರೆ. ಇದರ ಕಣ್ಣನ್ನು ಅರ್ಥ ಮಾಡಿಕೊಂಡರೆ ಬೇಟೆಯ ಅರ್ಧ ಪಾಠ ಮುಗಿದಂತೆ. ರಾತ್ರಿ ಬಸ್ಸಿನ ದೀಪಕ್ಕೆ ರಸ್ತೆಬದಿಯ ಹಸುವಿನ ಕಣ್ಣು ಹೊಳೆಯುತ್ತದಲ್ಲ, ವಾಲೈಯ ಕಣ್ಣೂ ಹಾಗೆಯೇ ಹೊಳೆಯುತ್ತದೆ. ಕಣ್ಣಿನ ಹಿಂಭಾಗದಲ್ಲಿರುವ ಪದರವೊಂದು ಬೆಳಕನ್ನು ಪ್ರತಿಫಲಿಸಿ ಮಬ್ಬಿನಲ್ಲಿಯೂ ಕಾಣುವಂತೆ ಮಾಡುತ್ತದೆ. ಹಾಗಾಗಿ ಇದು ಮಬ್ಬು ಬೆಳಕಿನಲ್ಲಿ ಬೇಟೆಯಾಡುವ ಮೀನು. ನೆತ್ತಿಯ ಮೇಲೆ ಸೂರ್ಯ ಬಂದಾಗ ದೂರ ಸರಿಯುತ್ತದೆ.

1. ಪರವಾನಗಿ

16 ವರ್ಷ ತುಂಬಿದವರಿಗೆಲ್ಲ ಪರವಾನಗಿ ಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಎಲ್ಲರೂ ಡಿಎನ್‌ಆರ್ ಎನ್ನುತ್ತಾರೆ) ಜಾಲತಾಣದಲ್ಲಿ, ಇಲ್ಲವೇ ಬೇಟೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮಿನೆಸೋಟಾದಲ್ಲಿ ಮನೆ ಮಾಡಿ 60 ದಿನ ಕಳೆದಿರದಿದ್ದರೆ ನಿವಾಸಿ ದರ ಅನ್ವಯಿಸುವುದಿಲ್ಲ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದಿರುವ ಅಪ್ಪನನ್ನು ಕರೆದುಕೊಂಡು ಹೋಗುವುದಾದರೆ ಅವರಿಗೆ ಹೊರಗಿನವರ ಪರವಾನಗಿ ಕೊಳ್ಳಿ. 24 ಗಂಟೆ, 72 ಗಂಟೆಗಳಂಥ ಅಲ್ಪಾವಧಿಯವೂ ಇವೆ. ‘ಅವರು ಸುಮ್ಮನೆ ಕೋಲು ಹಿಡಿದುಕೊಂಡಿರುತ್ತಾರೆ ಅಷ್ಟೇ’ ಎಂಬ ಮಾತು ನಡೆಯುವುದಿಲ್ಲ. ಗಾಳ ನೀರಿನಲ್ಲಿದ್ದರೆ, ಕೋಲು ಹಿಡಿದವರು ಬೇಟೆಯಾಡುತ್ತಿದ್ದಾರೆ ಎಂದೇ ಲೆಕ್ಕ.

ಓಪನರ್ ಬಹಳ ಸಲ ತಾಯಂದಿರ ದಿನದ ವಾರಾಂತ್ಯದಲ್ಲೇ ಬರುತ್ತದೆ. ಆ ಎರಡು ದಿನ ಮಿನೆಸೋಟಾ ನಿವಾಸಿಗಳಾದ ತಾಯಂದಿರಿಗೆ ಪರವಾನಗಿ ಬೇಡ. ಹೆಂಗಸರನ್ನು ಮನೆಯಲ್ಲಿ ಬಿಟ್ಟು ಗಂಡಸರಷ್ಟೇ ಹೊರಡುವ ಗುಂಪುಗಳು ಇದನ್ನು ಗಮನಿಸಬೇಕು.

ದಿನಕ್ಕೆ ಎಷ್ಟು ಮೀನು ಎಂಬುದಕ್ಕೂ ಮಿತಿ ಇದೆ. ರಾಜ್ಯದ ಸಾಮಾನ್ಯ ನಿಯಮ ಬಹುಕಾಲ ಒಬ್ಬರಿಗೆ 6 ವಾಲೈ, ಅದರಲ್ಲಿ 20 ಇಂಚು ಮೀರಿದ್ದು ಒಂದೇ ಎಂದಿತ್ತು. ಆದರೆ ಈ ಸಂಖ್ಯೆಗಳು ಬದಲಾಗುತ್ತವೆ. ಮೇಲಾಗಿ ದೊಡ್ಡ ಸರೋವರಗಳಿಗೆಲ್ಲ ತಮ್ಮದೇ ನಿಯಮಗಳಿರುತ್ತವೆ. ‘ಸ್ಲಾಟ್’ ಎಂಬ ಪದ ಕಣ್ಣಿಗೆ ಬೀಳುತ್ತದೆ: ಇಷ್ಟು ಇಂಚಿನಿಂದ ಇಷ್ಟು ಇಂಚಿನೊಳಗಿನ ಮೀನನ್ನು ಕೂಡಲೇ ನೀರಿಗೆ ಬಿಡಬೇಕು ಎಂಬ ಕಾಪಿನ ಅಳತೆ ಅದು. ಹೊರಡುವ ವಾರ ಡಿಎನ್‌ಆರ್‌ನ ‘ಲೇಕ್‌ಫೈಂಡರ್’ ತೆರೆದು ನೀವು ಹೋಗುವ ಸರೋವರದ ಹೆಸರು ಹಾಕಿ ಓದಿಕೊಳ್ಳಿ. ಗೆಳೆಯ ಹೇಳಿದ ಎಂದು ಹೋಗಬೇಡಿ. ಅವನು ಹೇಳುತ್ತಿರುವುದು ಮೂರು ವರ್ಷದ ಹಿಂದಿನ ನಿಯಮವಿರಬಹುದು. ಇನ್ನೊಂದು ಮಾತು: ಮಂಜುಗಡ್ಡೆಯ ಕಾಲದಲ್ಲಿ ಒಬ್ಬರಿಗೆ ಎರಡು ಗಾಳ ನಡೆಯುತ್ತದೆ, ತೆರೆದ ನೀರಿನಲ್ಲಿ ಒಂದೇ.

2. ಸರೋವರ ಮತ್ತು ದೋಣಿ

ಹೆಸರುವಾಸಿಯಾದವು ಮಿಲ್ ಲ್ಯಾಕ್ಸ್, ಲೀಚ್, ವಿನಿಬಿಗೋಶಿಶ್, ಲೇಕ್ ಆಫ್ ದ ವುಡ್ಸ್. ಮಿನಿಯಾಪೊಲಿಸ್‌ನಿಂದ ಸುಮಾರು 100 ಮೈಲಿ ದೂರದ ಮಿಲ್ ಲ್ಯಾಕ್ಸ್‌ಗೆ ಕಾರಿನಲ್ಲಿ ಎರಡು ಗಂಟೆ ಸಾಕು. ಆದರೂ ಮೊದಲ ಸಲ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅದು 1,30,000 ಎಕರೆಗೂ ಮೀರಿದ ನೀರು. ಆಳ ಮಾತ್ರ ಹೆಚ್ಚಿಲ್ಲ, ಅತಿ ಆಳದಲ್ಲೂ 40 ಅಡಿಯ ಆಸುಪಾಸು. ಅಷ್ಟು ಅಗಲದ, ಅಷ್ಟು ತೆಳುವಾದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳು ನೋಡನೋಡುತ್ತಲೇ ಏಳುತ್ತವೆ. ಎದುರಿನ ದಡ ಬರಿಗಣ್ಣಿಗೆ ಕಾಣುವಷ್ಟು ಚಿಕ್ಕ, ನದಿ ಅಥವಾ ತೊರೆ ಬಂದು ಸೇರುವ ಸರೋವರವೇ ನಿಮಗೆ ಒಳ್ಳೆಯದು. ಬ್ರೈನರ್ಡ್ ಎಂಬ ಊರಿನ ಸುತ್ತಮುತ್ತ ಅಂಥವು ನೂರಾರು ಇವೆ.

ಸರೋವರದ ದಂಡೆಯ ರೆಸಾರ್ಟುಗಳು ಮರದ ಮನೆ (ಕ್ಯಾಬಿನ್) ಮತ್ತು ದೋಣಿ ಎರಡನ್ನೂ ಬಾಡಿಗೆಗೆ ಕೊಡುತ್ತವೆ. ಓಪನರ್ ವಾರಾಂತ್ಯಕ್ಕೆ ಹೋದ ವರ್ಷದ ಗಿರಾಕಿಗಳೇ ಮುಂಗಡ ಕೊಟ್ಟು ಹೋಗಿರುತ್ತಾರೆ. ಫೆಬ್ರವರಿಯೊಳಗೆ ಫೋನ್ ಮಾಡಿ. ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ 16 ಅಡಿಯ ಅಲ್ಯೂಮಿನಿಯಂ ದೋಣಿ. ಅದರಲ್ಲಿ ಮೂವರು ಕುಳಿತರೆ ಬೇಟೆ, ನಾಲ್ವರು ಕುಳಿತರೆ ಒಬ್ಬರ ಗಾಳ ಇನ್ನೊಬ್ಬರ ಟೋಪಿಯಲ್ಲಿ. ನಾಲ್ವರಿದ್ದರೆ ಎರಡು ದೋಣಿ ಕೇಳಿ.

ಕೆಲವು ವರ್ಷ ಚಳಿ ಹೋಗುವುದೇ ಇಲ್ಲ. 2013ರ ಓಪನರ್ ದಿನ ಮಿಲ್ ಲ್ಯಾಕ್ಸ್ ಮೇಲೆ ಇನ್ನೂ ಮಂಜುಗಡ್ಡೆ ಇತ್ತು. ಉತ್ತರಕ್ಕೆ ಹೋದಷ್ಟೂ ಈ ಅಪಾಯ ಹೆಚ್ಚು. ಹೊರಡುವ ಎರಡು ದಿನ ಮೊದಲು ರೆಸಾರ್ಟಿನವರನ್ನು ‘ಮಂಜು ಕರಗಿತೇ? ನೀರು ಎಷ್ಟು ಡಿಗ್ರಿ ಇದೆ?’ ಎಂದು ಕೇಳಿ.

3. ತಣ್ಣೀರು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನಮ್ಮಲ್ಲಿ ಬಹಳ ಮಂದಿಗೆ ಈಜು ಬರುವುದಿಲ್ಲ. ಬರುವವರೂ ಕಲಿತದ್ದು ಊರ ಬಾವಿಯಲ್ಲಿ, ಕೆರೆಯಲ್ಲಿ, ಬೆಚ್ಚನೆಯ ನೀರಿನಲ್ಲಿ. ಮೇ ಎರಡನೆಯ ವಾರದಲ್ಲಿ ಇಲ್ಲಿನ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಉತ್ತರದಲ್ಲಿ ಇನ್ನೂ ಕಡಿಮೆ. ದಡದಲ್ಲಿ ಬಿಸಿಲಿದ್ದು ನೀವು ಅರ್ಧ ತೋಳಿನ ಅಂಗಿಯಲ್ಲಿದ್ದರೂ ನೀರು ಅಷ್ಟೇ ತಣ್ಣಗಿರುತ್ತದೆ.

ಅಂಥ ನೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ನಿಮ್ಮ ಹತೋಟಿಯಲ್ಲಿರುವುದಿಲ್ಲ. ಬಾಯಿ ತಾನಾಗಿಯೇ ತೆರೆದು ಏದುತ್ತದೆ. ಆಗ ತಲೆ ನೀರಿನೊಳಗಿದ್ದರೆ ನೀರು ಒಳಗೆ ಹೋಗುತ್ತದೆ. ಮುಂದಿನ ಸುಮಾರು ಹತ್ತು ನಿಮಿಷ ಮಾತ್ರ ಕೈಕಾಲು ಹೇಳಿದಂತೆ ಕೇಳುತ್ತವೆ. ಚಳಿಗೆ ಪ್ರಜ್ಞೆ ತಪ್ಪುವುದು ಅದೆಷ್ಟೋ ಹೊತ್ತಿನ ಮೇಲೆ. ಅಂದರೆ ಮುಳುಗಿ ಸಾಯುವವರು ಹೆಚ್ಚಾಗಿ ಚಳಿಗೆ ಮೈ ಹೆಪ್ಪುಗಟ್ಟುವುದಕ್ಕಿಂತ ಬಹಳ ಮೊದಲೇ, ಆ ಮೊದಲ ನಿಮಿಷಗಳಲ್ಲೇ ಹೋಗುತ್ತಾರೆ. ಲೈಫ್ ಜಾಕೆಟ್ ತೊಟ್ಟಿದ್ದರೆ ಆ ಒಂದು ನಿಮಿಷ ಅದು ನಿಮ್ಮ ಮುಖವನ್ನು ನೀರಿನ ಮೇಲೆ ಹಿಡಿದಿಡುತ್ತದೆ. ಸೀಟಿನ ಕೆಳಗಿಟ್ಟ ಜಾಕೆಟ್ಟನ್ನು ನೀರಿಗೆ ಬಿದ್ದ ಮೇಲೆ ತೊಡಲು ಆಗುವುದಿಲ್ಲ.

ಕಾನೂನು ಕೇಳುವುದು ತಲೆಗೊಂದು ಜಾಕೆಟ್ ದೋಣಿಯಲ್ಲಿರಲಿ ಎಂದು. ದೋಣಿ ಸಾಗುವಾಗ 10 ವರ್ಷದೊಳಗಿನ ಮಕ್ಕಳು ತೊಟ್ಟಿರಲೇಬೇಕು ಎಂದು. 16 ಅಡಿ ಮತ್ತು ಅದಕ್ಕೂ ಉದ್ದದ ದೋಣಿಯಲ್ಲಿ ಎಸೆಯಬಲ್ಲ ತೇಲುದಿಂಬೊಂದೂ ಇರಬೇಕು. ನಾನು ಕೇಳುವುದು ಅದಕ್ಕಿಂತ ಹೆಚ್ಚು: ಕಟ್ಟೆ ಬಿಟ್ಟ ಕ್ಷಣದಿಂದ ಕಟ್ಟೆಗೆ ಮರಳುವ ತನಕ ಪ್ರತಿಯೊಬ್ಬರೂ ತೊಟ್ಟು, ಗುಂಡಿ ಹಾಕಿಕೊಂಡಿರಿ. ಮೂತ್ರಕ್ಕೆಂದು ದೋಣಿಯಲ್ಲಿ ಎದ್ದು ನಿಲ್ಲಬೇಡಿ, ದಡಕ್ಕೆ ಬನ್ನಿ. ದೋಣಿ ನಡೆಸುವವರು ಕುಡಿಯಬಾರದು. ಕಾರಿನಂತೆಯೇ ಇಲ್ಲಿಯೂ ರಕ್ತದಲ್ಲಿನ ಆಲ್ಕೋಹಾಲಿಗೆ ಶೇಕಡಾ 0.08 ಮಿತಿ, ಅದೇ ಬಗೆಯ ಶಿಕ್ಷೆ.

ಬಟ್ಟೆಯ ವಿಷಯ ಬೇಗ ಮುಗಿಯುತ್ತದೆ: ಉಣ್ಣೆಯ ಒಳ ಅಂಗಿ, ಗಾಳಿ ಮಳೆ ತಡೆಯುವ ಹೊರ ಅಂಗಿ, ಕಿವಿ ಮುಚ್ಚುವ ಟೋಪಿ, ಬೆರಳ ತುದಿ ತೆರೆದಿರುವ ಕೈಗವಸು. ಜೀನ್ಸ್ ಬೇಡ, ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ.

4. ಸಾಮಾನು

ಅಂಗಡಿಗೆ ಹೋದರೆ ಗೋಡೆ ತುಂಬ ಬಣ್ಣದ ಗಾಳಗಳು. ಓಪನರ್‌ಗೆ ಅವುಗಳಲ್ಲಿ ನೂರಕ್ಕೆ ತೊಂಬತ್ತು ಬೇಡ. ಬೇಕಾದದ್ದು ಇಷ್ಟು:

- ಆರೂವರೆಯಿಂದ ಏಳು ಅಡಿಯ, ತುದಿ ಮೆತ್ತಗಿರುವ ಸ್ಪಿನ್ನಿಂಗ್ ಕೋಲು ಮತ್ತು ದಾರ ಸುತ್ತುವ ರೀಲು.
- 6 ಅಥವಾ 8 ಪೌಂಡ್ ತಾಳಿಕೆಯ ನೈಲಾನ್ ದಾರ. ಹಳೆಯ ರೀಲಿನಲ್ಲಿ ಎರಡು ವರ್ಷದ ದಾರ ಇದ್ದರೆ ಬಿಚ್ಚಿ ಎಸೆಯಿರಿ.
- ಹತ್ತು ಹನ್ನೆರಡು ಜಿಗ್. ಕೊಕ್ಕೆಯ ಕತ್ತಿನಲ್ಲೇ ಲೋಹದ ಗುಂಡನ್ನು ಎರಕ ಹೊಯ್ದಿರುವ ಗಾಳಕ್ಕೆ ಜಿಗ್ ಎನ್ನುತ್ತಾರೆ. ಕಾಲು ಔನ್ಸ್ (7 ಗ್ರಾಂ) ಮತ್ತು ಅದರ ಅರ್ಧದ್ದು, ಎರಡೂ ಇರಲಿ.
- ಎರೆಯಾಗಿ ಜೀವಂತ ಚಿಕ್ಕ ಮೀನು. ಇವನ್ನು ಮಿನ್ನೋ ಎನ್ನುತ್ತಾರೆ, ದಡದ ಎರೆ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ.
- ಹಿಡಿಕೆಯ ಬಲೆ, ಉದ್ದ ಮೂತಿಯ ಇಕ್ಕಳ, ಅಳತೆಪಟ್ಟಿ.

ಸಾಧ್ಯವಾದರೆ ಸೀಸದ ಬದಲು ಟಂಗ್‌ಸ್ಟನ್ ಅಥವಾ ತವರದ ಗುಂಡಿನ ಗಾಳ ಕೊಳ್ಳಿ. ಬೆಲೆ ಹೆಚ್ಚು, ನಿಜ. ಆದರೆ ರಾತ್ರಿ ಸರೋವರದ ಮೇಲೆ ನೀಳವಾಗಿ ಕೂಗುವ ಲೂನ್ ಹಕ್ಕಿ (ಅದು ಮಿನೆಸೋಟಾದ ರಾಜ್ಯ ಪಕ್ಷಿ) ತಳದಲ್ಲಿ ಬಿದ್ದ ಸೀಸದ ಗುಂಡನ್ನು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತದೆ.

ಇಲ್ಲಿ ಹೊಸಬರು ಎಡವುವುದು ಮಿನ್ನೋ ಬಕೆಟಿನಲ್ಲಿ. ಹೀಟರ್ ಹಾಕಿದ ಕಾರಿನಲ್ಲಿ ಎರಡು ಗಂಟೆ ಇಟ್ಟರೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಎರೆಯನ್ನು ಸರೋವರದ ಹತ್ತಿರವೇ ಕೊಳ್ಳಿ, ಬಕೆಟ್ ತಣ್ಣಗಿರಲಿ, ಗಾಳಿ ಊದುವ ಚಿಕ್ಕ ಪಂಪು ಇರಲಿ.

5. ಎಲ್ಲಿ ನಿಲ್ಲಬೇಕು

‘ಒಂದೂ ಕಚ್ಚಲಿಲ್ಲ’ ಎಂದವರನ್ನು ನಾನು ಮರಳಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಆಳದಲ್ಲಿ ಇದ್ದಿರಿ? ಉತ್ತರ ಸಾಮಾನ್ಯವಾಗಿ ‘ನಟ್ಟನಡುವೆ, 30 ಅಡಿ’ ಎಂದಿರುತ್ತದೆ. ದೊಡ್ಡ ಮೀನು ಆಳದಲ್ಲಿರುತ್ತದೆ ಎಂಬ ನಂಬಿಕೆ ಜುಲೈಗೆ ಸರಿಹೋಗಬಹುದು, ಮೇ ತಿಂಗಳಿಗಲ್ಲ.

ಮಂಜು ಕರಗಿದ ಕೂಡಲೇ ವಾಲೈಗಳು ಜಲ್ಲಿಕಲ್ಲಿನ ದಡಗಳಿಗೆ, ತೊರೆಗಳ ಬಾಯಿಗೆ ಮೊಟ್ಟೆಯಿಡಲು ಬರುತ್ತವೆ. ಓಪನರ್ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ, ಆದರೆ ಮೀನು ದೂರ ಹೋಗಿರುವುದಿಲ್ಲ. ಚಿಕ್ಕ ಗಂಡು ಮೀನುಗಳಂತೂ ಅಲ್ಲೇ ಸುತ್ತಾಡುತ್ತಿರುತ್ತವೆ. ತೆಳುನೀರು ಬೇಗ ಬೆಚ್ಚಗಾಗುವುದರಿಂದ ಮರಿಮೀನುಗಳೂ ಅಲ್ಲಿಗೇ ಬರುತ್ತವೆ. ಹಾಗಾಗಿ 6ರಿಂದ 12 ಅಡಿ ಆಳದಲ್ಲಿ ಶುರು ಮಾಡಿ. ಲೇಕ್‌ಫೈಂಡರ್‌ನ ಆಳದ ನಕ್ಷೆಯಲ್ಲಿ ಮೂರು ಜಾಗ ಗುರುತಿಸಿಕೊಳ್ಳಿ: ತೊರೆ ಸೇರುವಲ್ಲಿ ಒಂದು, ಜಲ್ಲಿಯ ದಡ ಮೆಲ್ಲಗೆ ಇಳಿಯುವಲ್ಲಿ ಒಂದು, ಎರಡು ಸರೋವರಗಳನ್ನು ಕೂಡಿಸುವ ಇಕ್ಕಟ್ಟಾದ ನೀರಿನಲ್ಲಿ ಒಂದು.

ಇವುಗಳಲ್ಲಿ ಯಾವುದು ಎಂಬುದನ್ನು ಆ ದಿನದ ಗಾಳಿಗೆ ಬಿಡಿ. ಗಾಳಿ ಹೊಡೆಯುವ ದಡವೇ ಒಳ್ಳೆಯದು. ಚಿಕ್ಕ ಅಲೆಗಳು ಮೇಲ್ಮೈಯನ್ನು ಒಡೆದು ಬೆಳಕನ್ನು ಮಬ್ಬಾಗಿಸುತ್ತವೆ, ಕೆಸರು ಕದಡುತ್ತವೆ. ವಾಲೈಗೆ ಬೇಕಾದದ್ದು ಅದೇ. ಇಲ್ಲಿನವರು ಅಂಥ ನೀರಿಗೆ ‘ವಾಲೈ ಚಾಪ್’ ಎಂದೇ ಹೆಸರಿಟ್ಟಿದ್ದಾರೆ. ಕನ್ನಡಿಯಂಥ ನೀರು ಫೋಟೋಗೆ ಚೆನ್ನ, ಬೇಟೆಗಲ್ಲ. ಆದರೆ ಅಲೆಯ ನೆತ್ತಿಯಲ್ಲಿ ಬಿಳಿ ನೊರೆ ಕಾಣಿಸಿಕೊಂಡರೆ ಗಾಳ ಸುತ್ತಿ ದಡಕ್ಕೆ ಬನ್ನಿ.

ಹೊತ್ತು: ಸೂರ್ಯೋದಯ ಆರಕ್ಕೆ ಸ್ವಲ್ಪ ಮೊದಲು, ಸೂರ್ಯಾಸ್ತ ಎಂಟೂವರೆಯ ಆಸುಪಾಸು. ಐದರಿಂದ ಎಂಟು, ಸಂಜೆ ಏಳರಿಂದ ಕತ್ತಲಾಗುವ ತನಕ ನೀರಿನಲ್ಲಿರಿ. ನಡುವೆ ಊಟ ಮಾಡಿ ಮಲಗಿ. ಕತ್ತಲಲ್ಲಿದ್ದರೆ ದೋಣಿಯ ದೀಪಗಳು ಉರಿಯುತ್ತಿರಬೇಕು. ಮೋಡ ಕವಿದ ದಿನ ಮಧ್ಯಾಹ್ನವೂ ಕಚ್ಚುತ್ತದೆ.

6. ಗಾಳ ಆಡಿಸುವುದು

ಮಿನ್ನೋವನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಹಿಡಿಯಿರಿ. ಕೊಕ್ಕೆಯ ತುದಿಯನ್ನು ಅದರ ಬಾಯಿಯೊಳಗೆ ಹಾಕಿ, ತಲೆಯ ಹಿಂಬದಿಯಿಂದ ಮೇಲಕ್ಕೆ ತೆಗೆಯಿರಿ. ಮಿನ್ನೋ ಜಿಗ್ಗಿನ ಗುಂಡಿಗೆ ಅಂಟಿಕೊಂಡು ನೇರವಾಗಿ ನಿಲ್ಲಬೇಕು. ಓರೆಯಾದರೆ ನೀರಿನಲ್ಲಿ ಬುಗುರಿಯಂತೆ ಸುತ್ತಿ ದಾರ ತಿರುಚಿಕೊಳ್ಳುತ್ತದೆ.

ದಾರ ಬಿಡಿ. ಗುಂಡು ತಳ ಮುಟ್ಟಿದಾಗ ದಾರ ಸಡಿಲಾಗುತ್ತದೆ. ಒಂದೆರಡು ಸುತ್ತು ಸುತ್ತಿ ದಾರ ಬಿಗಿ ಮಾಡಿ. ಈಗ ಕೋಲಿನ ತುದಿಯನ್ನು ಅರ್ಧ ಅಡಿ ಎತ್ತಿ, ಮತ್ತೆ ಇಳಿಸಿ. ಇಳಿಸುವಾಗ ಕೋಲೂ ದಾರದ ಜೊತೆಯಲ್ಲೇ ಇಳಿಯಬೇಕು; ದಾರ ಜೋಲು ಬೀಳಬಾರದು. ವಾಲೈ ಹೆಚ್ಚಾಗಿ ಕಚ್ಚುವುದು ಜಿಗ್ ಇಳಿಯುವಾಗ. ದಾರ ಜೋಲಿದ್ದರೆ ಅದು ಕಚ್ಚಿ ಉಗಿದದ್ದೂ ನಿಮಗೆ ಗೊತ್ತಾಗುವುದಿಲ್ಲ. ಎತ್ತಿ, ಇಳಿಸಿ, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಿ. ತಣ್ಣೀರಿನಲ್ಲಿ ಮೀನಿನ ಮೈ ಜಡ. ನಿಮ್ಮ ಕೈಯೂ ನಿಧಾನವಿರಲಿ. ಬೇಸರದಿಂದ ಕುಕ್ಕಿ ಕುಕ್ಕಿ ಆಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅದೇ ದೋಣಿಯಲ್ಲಿ ಸುಮ್ಮನೆ ಕೋಲು ಹಿಡಿದು ಕುಳಿತ ಮಗುವಿಗೆ ಮೊದಲ ಮೀನು ಸಿಕ್ಕಿದ್ದನ್ನೂ ನೋಡಿದ್ದೇನೆ.

ಕಚ್ಚಿದಾಗ ಸಿನಿಮಾದಂತೆ ಕೋಲು ಬಾಗುವುದಿಲ್ಲ. ಒಂದು ‘ಟಕ್’, ಅಥವಾ ಬರೀ ಭಾರ. ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ. ಆಗ ಎಳೆಯಬೇಡಿ. ತುದಿಯನ್ನು ಮೀನಿನ ಕಡೆ ಅರ್ಧ ಅಡಿ ಬಿಡಿ, ಒಂದು ಉಸಿರು ಕಾಯಿರಿ, ಆಮೇಲೆ ಮಣಿಕಟ್ಟಿನಿಂದ ದೃಢವಾಗಿ ಮೇಲಕ್ಕೆತ್ತಿ. ಅರ್ಧ ಗಂಟೆ ಏನೂ ಕಚ್ಚದಿದ್ದರೆ ಜಾಗ ಬದಲಿಸಿ.

7. ದೋಣಿಗೆ ಬಂದ ಮೀನು

ಬಲೆಯನ್ನು ನೀರಿನಲ್ಲಿ ಮುಳುಗಿಸಿ ಇಟ್ಟುಕೊಳ್ಳಿ, ಮೀನನ್ನು ತಲೆಯ ಕಡೆಯಿಂದ ಅದರೊಳಕ್ಕೆ ತನ್ನಿ. ಬಾಲದ ಕಡೆಯಿಂದ ಬಲೆ ತೂರಿಸಿದರೆ ಮೀನು ಒಂದೇ ನೆಗೆತಕ್ಕೆ ಪಾರು. ಬೆನ್ನಿನ ಈಜುರೆಕ್ಕೆಯಲ್ಲಿ ಮುಳ್ಳುಗಳಿವೆ, ಕಿವಿರಿನ ಮುಚ್ಚಳದ ಅಂಚು ಚೂಪು, ಬಾಯಲ್ಲಿ ಹಲ್ಲುಗಳಿವೆ. ಬೆರಳು ಹಾಕಬೇಡಿ, ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಬಾಯಿ ಮುಚ್ಚಿಸಿ, ಬಾಲ ಒತ್ತಿ ಹಿಡಿದು, ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಿರಿ. ಸ್ಲಾಟಿನ ಗೆರೆಯ ಹತ್ತಿರದ ಅನುಮಾನದ ಮೀನನ್ನು ಬಿಟ್ಟುಬಿಡಿ.

ಯಾವುದನ್ನು ಇಟ್ಟುಕೊಳ್ಳಬೇಕು? ನಿಯಮ ಅನುಮತಿಸಿದರೆ 14ರಿಂದ 17 ಇಂಚಿನವು ತಿನ್ನಲು ಎಲ್ಲಕ್ಕಿಂತ ಚೆನ್ನ. 20 ಇಂಚು ಮೀರಿದವು ಬಹುಪಾಲು ಹೆಣ್ಣು. ಮುಂದಿನ ವಸಂತದ ಮೊಟ್ಟೆ ಅವುಗಳ ಹೊಟ್ಟೆಯಲ್ಲಿ ಬೆಳೆಯಬೇಕು. ಒದ್ದೆ ಕೈಯಿಂದ ಹಿಡಿದು, ಒಂದು ಫೋಟೋ ತೆಗೆದು, ನೀರಿನಲ್ಲಿ ನೆಟ್ಟಗೆ ಹಿಡಿಯಿರಿ. ಬಾಲ ಬೀಸಿದಾಗ ಕೈ ಸಡಿಲಿಸಿ. ಗುಂಪಿನಲ್ಲಿರುವ ಸಸ್ಯಾಹಾರಿಗಳೂ ಹೀಗೆ ಹಿಡಿದು ಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬಿಡಬಹುದು, ಆದರೆ ಕೊಕ್ಕೆ ನುಂಗಿದ ಮೀನು ಬಿಟ್ಟ ಮೇಲೂ ಬದುಕದಿರಬಹುದು ಎಂಬುದನ್ನು ತಿಳಿದೇ ನಿರ್ಧರಿಸಲಿ.

ದೊಡ್ಡ ಮೀನಿನಲ್ಲಿ ಪಾದರಸವೂ ಹೆಚ್ಚು. ಗರ್ಭಿಣಿಯರು ಮತ್ತು ಮಕ್ಕಳು ಎಷ್ಟು ತಿನ್ನಬಹುದು ಎಂಬ ಮಾರ್ಗಸೂಚಿಯನ್ನು ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸಿದೆ. ಮನೆಗೆ ಕೊಂಡೊಯ್ಯುವ ಮೊದಲು ಓದಿ.

ಮಿಲ್ ಲ್ಯಾಕ್ಸ್ ಕಡೆ ಒಜಿಬ್ವೆ ಜನ ವಸಂತದಲ್ಲಿ ಬಲೆ ಹಾಕುವುದನ್ನು ಕಂಡು ‘ಅವರಿಗೆ ಮಾತ್ರ ಏಕೆ?’ ಎಂದು ಕೇಳುವವರಿದ್ದಾರೆ. ಅದು ಅಮೆರಿಕ ಸರ್ಕಾರದೊಂದಿಗಿನ 1837ರ ಒಪ್ಪಂದದಲ್ಲಿ ಅವರು ಉಳಿಸಿಕೊಂಡ ಹಕ್ಕು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ನೀರಿನಲ್ಲಿ ನಾವು ಅತಿಥಿಗಳು.

8. ಹೆಚ್ಚುವುದು, ಹುರಿಯುವುದು

ರೆಸಾರ್ಟಿನಲ್ಲಿ ಮೀನು ಹೆಚ್ಚುವ ಕೊಠಡಿ ಇರುತ್ತದೆ. ಕಿವಿರಿನ ಹಿಂದೆ ಬೆನ್ನುಮೂಳೆ ತಾಗುವವರೆಗೆ ಕತ್ತರಿಸಿ, ಕತ್ತಿಯನ್ನು ಅಡ್ಡ ತಿರುಗಿಸಿ, ಮೂಳೆಗೆ ಒತ್ತಿಕೊಂಡೇ ಬಾಲದವರೆಗೆ ಎಳೆಯಿರಿ. ಮನೆಗೆ ಒಯ್ಯುವ ತುಂಡುಗಳ ಮೇಲೆ ಒಂದು ಇಂಚು ಚೌಕದಷ್ಟು ಚರ್ಮವನ್ನು ಹುರುಪೆಯ ಸಮೇತ ಬಿಡಬೇಕು. ದಾರಿಯಲ್ಲಿ ಅಧಿಕಾರಿ ತಡೆದರೆ ಯಾವ ಮೀನು ಎಂದು ಗೊತ್ತಾಗಬೇಕಲ್ಲ. ಅಳತೆಯ ನಿಯಮವಿರುವ ಸರೋವರವಾದರೆ ಉದ್ದ ಅಳೆಯಲು ಬರುವಂತೆ ಇಡೀ ಮೀನನ್ನೇ ಐಸಿನಲ್ಲಿಟ್ಟು ತನ್ನಿ.

ವಾಲೈ ಮಾಂಸ ಬಿಳಿ, ಗಟ್ಟಿ, ವಾಸನೆ ಕಡಿಮೆ. ಕರಾವಳಿಯವರಿಗೆ ಕಾಣೆ ಮೀನಿನ ನೆನಪು ಬರುತ್ತದೆ. ಅದಕ್ಕೆ ರವೆ ಹುರಿತ ಎಷ್ಟು ಹೊಂದುತ್ತದೆ ಎಂದರೆ ನನ್ನ ಇಲ್ಲಿನ ಗೆಳೆಯರು ಈಗ ರವೆ ಮತ್ತು ಬ್ಯಾಡಗಿ ಮೆಣಸಿನ ಪುಡಿ ಮರೆಯದೆ ತರಲು ಹೇಳುತ್ತಾರೆ. ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ, ಜಜ್ಜಿದ ಬೆಳ್ಳುಳ್ಳಿ ಸವರಿ ಅರ್ಧ ಗಂಟೆ ಬಿಡಿ. ಆಮೇಲೆ ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಹುರಿಯಿರಿ. ತುಂಡು ತೆಳುವಾದ್ದರಿಂದ ಒಂದೊಂದು ಬದಿಗೆ ಎರಡು ಮೂರು ನಿಮಿಷ ಸಾಕು. ತಲೆಯನ್ನು ಎಸೆಯುವ ಮೊದಲು ಎರಡು ಕೆನ್ನೆಗಳ ಮಾಂಸವನ್ನು ಕೆತ್ತಿ ತೆಗೆಯಿರಿ. ಇಡೀ ಮೀನಿನಲ್ಲಿ ರುಚಿಯಾದ ಭಾಗ ಅದೇ.

9. ಭಾನುವಾರ ಹೊರಡುವಾಗ

ಸ್ವಂತ ದೋಣಿ ತಂದವರು ನೀರಿನಿಂದ ಎಳೆದ ಕೂಡಲೇ ದೋಣಿ, ಟ್ರೈಲರ್, ಲಂಗರು ಎಲ್ಲದರಿಂದಲೂ ಜೊಂಡು ಕಿತ್ತುಹಾಕಿ. ತಳದ ಬಿರಡೆ ತೆಗೆದು ಒಳಗಿನ ನೀರನ್ನೆಲ್ಲ ಹರಿಸಿ. ರಸ್ತೆಯಲ್ಲಿ ಸಾಗುವಾಗ ಬಿರಡೆ ತೆಗೆದಿರಬೇಕು ಎಂಬುದೇ ಕಾನೂನು. ಉಳಿದ ಮಿನ್ನೋಗಳನ್ನು ಸರೋವರಕ್ಕೆ ಬಿಡಬೇಡಿ, ಕಸದ ಡಬ್ಬಿಗೆ ಹಾಕಿ. ಅವು ಬೇರೆ ನೀರಿನಿಂದ ಬಂದವು, ಏನನ್ನು ಹೊತ್ತು ತಂದಿವೆಯೋ ತಿಳಿಯದು. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಕ್ಕ ಚಿಪ್ಪು ಜೀವಿ ಹೀಗೆಯೇ ಒಂದು ಸರೋವರದಿಂದ ಇನ್ನೊಂದಕ್ಕೆ ಹಬ್ಬುತ್ತಿದೆ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ, ಒಂದು ಬಕೆಟ್ ನೀರಿನಲ್ಲಿ ಸಾವಿರಗಟ್ಟಲೆ ಇರಬಹುದು. ಒಮ್ಮೆ ಸೇರಿಕೊಂಡರೆ ತೆಗೆಯುವ ದಾರಿಯಿಲ್ಲ.

ತೆಗೆದ ಬಿರಡೆಯನ್ನು ದೋಣಿಯ ಕೀಲಿಕೈ ಗೊಂಚಲಿಗೆ ಕಟ್ಟಿಡಿ. ಮುಂದಿನ ಸಲ ಮೋಟಾರಿಗೆ ಕೀಲಿ ಹಾಕುವ ಮೊದಲು ಅದು ಕೈಗೆ ಸಿಗುತ್ತದೆ, ಹಾಕಲು ಮರೆಯುವುದಿಲ್ಲ.